ಜೇಬು ಬಿಚ್ಚದ ಕೌದಿ

ಮನೆಯಿಂದ,
ಮಂಗಳವಾರ, ಫೆಬ್ರವರಿ 11

ಪ್ರೀತಿಯ ಇವಳೇ,

ನಿನ್ನ ಮಂಡಿನೋವು ಈಗ ಹೇಗಿದೆ? ಮಗಳ ಮನೆಯ ಮೆಟ್ಟಿಲನ್ನು ದಿನಕ್ಕೆ ಒಂದೇ ಸಲ ಹತ್ತಿಳಿಯಬೇಕೆಂದು ಡಾಕ್ಟರು ಹೇಳಿದ್ದು ನೆನಪಿದೆ ತಾನೇ? ಮೊಮ್ಮಗಳು ಹಾಲು ಕಕ್ಕುವುದು ನಿಂತಿತೇ? ಮಗಳು ಹೊಟ್ಟೆತುಂಬ ಊಟ ಮಾಡುತ್ತಿದ್ದಾಳೆಯೇ? ನಾನು ಆರಾಮಾಗಿದ್ದೇನೆ. ಹಾಲು ಎರಡು ಸಲ ಉಕ್ಕಿತು, ಒಂದು ಸಲ ತಳ ಹಿಡಿಯಿತು. ಪಾತ್ರೆ ಉಜ್ಜಿಟ್ಟಿದ್ದೇನೆ, ನೀನು ದೀಪ ಹಿಡಿದು ಹುಡುಕಿದರೂ ಕಲೆ ಸಿಗುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕೌದಿ ಹೊಲಿಯಲು ಹೊಸ ಮಿಷನ್ ಆರಿಸಿದ್ದಾಯಿತು, ಶುಕ್ರವಾರ ಮನೆಗೆ ಬರುತ್ತದೆ. ‘ನಾನು ಬಂದ್ಮೇಲೆ ನೋಡೋಣ ರೀ’ ಎಂದು ನೀನು ಫೋನಿನಲ್ಲಿ ಹೇಳಿದ್ದು ನನಗೆ ಚೆನ್ನಾಗಿಯೇ ಕೇಳಿಸಿತ್ತು. ಲೈನು ಸರಿಯಿಲ್ಲವೆಂದು ನಾನು ಹೇಳಿದ್ದು ಸುಳ್ಳು. ನೀನು ಬರುವುದು ಏಪ್ರಿಲ್‌ನಲ್ಲಿ. ನಮ್ಮ ಬಸ್ ಡಿಪೋದ, ತೀರಿಹೋದ ಬ್ರೇಕಣ್ಣನ ಹೆಂಡತಿ ಮನೆ ಖಾಲಿ ಮಾಡಿ ತಂಗಿಯ ಊರಿಗೆ ಹೋಗುವುದು ಇದೇ ಇಪ್ಪತ್ತೆಂಟಕ್ಕೆ. ನೀನು ಹೊರಟ ವಾರವೇ ಅವರು ಒಂದು ಗಂಟು ಹಿಡಿದು ಬಂದಿದ್ದರು. ಅದರಲ್ಲಿ ಬ್ರೇಕಣ್ಣನ ಹನ್ನೊಂದು ಖಾಕಿ ಅಂಗಿಗಳಿದ್ದವು. ನಾನು ನಿವೃತ್ತನಾದ ವರ್ಷ ನೀನು ಪಕ್ಕದಲ್ಲಿ ಕೂತು ಬೈದು ಬೈದು ಕಲಿಸಿದ ಆ ಮೊದಲ ಕೌದಿಯನ್ನು ಅವರು ನೋಡಿದ್ದರಂತೆ, ಅಂಥದ್ದೇ ಬೇಕಂತೆ. ಒಂದೇ ಒಂದು ಷರತ್ತು ಹಾಕಿದರು: ‘ಜೇಬು ಮಾತ್ರ ಬಿಚ್ಚಬೇಡಿ ಅಣ್ಣಾ. ಆ ಜೇಬಲ್ಲೇ ದಿನಾ ನಂಗೆ ಪೆಪ್ಪರಮೆಂಟು ತರ್ತಿದ್ರು.’ ಮೂವತ್ತೊಂದು ವರ್ಷ ಒಂದೇ ಗುಂಡಿಯಲ್ಲಿಳಿದು ಬಸ್ಸಿನ ಕೆಳಗೆ ಕೆಲಸ ಮಾಡಿದವರು ನಾವಿಬ್ಬರು. ಆ ಪೆಪ್ಪರಮೆಂಟು ನನಗೂ ಗೊತ್ತು. ಆಗಲಿ ಎಂದೆ.

ಆದರೆ ಜೇಬಿನ ಮೂಲೆಯಲ್ಲಿ ಬಟ್ಟೆ ಎಷ್ಟು ಪದರವಾಗುತ್ತದೆಂದು ಆಗ ಎಣಿಸಿರಲಿಲ್ಲ. ಮೇಲೆ ಮಡಚಿದ ಖಾಕಿ, ನಡುವೆ ಹತ್ತಿ, ಕೆಳಗೆ ಹಾಸು, ಎಲ್ಲ ಸೇರಿ ಒಂಬತ್ತು. ನಿನ್ನ ಮಿಷನ್ ಅಲ್ಲಿಗೆ ಬಂದಾಗಲೆಲ್ಲ ಹೊಲಿಗೆ ಬಿಡುತ್ತದೆ. ಐದು ಸೂಜಿ ಮುರಿದವು. ಸುತ್ತಿದ ಕೌದಿಯನ್ನು ತೂರಿಸಲು ಅದರ ತೋಳಿನ ಕೆಳಗೆ ಇರುವ ಜಾಗವೂ ಒಂದು ಗೇಣು ಅಷ್ಟೆ. ಗಾಬರಿಯಾಗಬೇಡ, ಅದಕ್ಕೇನೂ ಆಗಿಲ್ಲ, ಎಣ್ಣೆ ಬಿಟ್ಟು ಮುಚ್ಚಿಟ್ಟಿದ್ದೇನೆ. ರವಿಕೆ ಹೊಲಿಯಲೆಂದು ತಂದ ಮಿಷನ್ ಅದು. ಅದರಿಂದ ಲಾರಿ ಎಳೆಸುವುದು ನನ್ನ ತಪ್ಪೇ ಹೊರತು ಅದರದ್ದಲ್ಲ.

ಹಾಗಾಗಿ ಒಂದು ಜೇಬಿನ ಮೂಲೆಯನ್ನು ಹತ್ತಿ, ಹಾಸು ಸಮೇತ ತಟ್ಟೆಯಗಲ ಸಿದ್ಧಮಾಡಿಕೊಂಡು ಅಂಗಡಿ ಅಂಗಡಿ ಅಲೆದೆ. ಮೊದಲನೆಯದರಲ್ಲಿ ಹುಡುಗಿಯೊಬ್ಬಳು ‘ಮೇಡಂ ಏನೇನ್ ಹೊಲೀತಾರೆ ಸಾರ್?’ ಎಂದಳು. ‘ಮೇಡಂ ಊರಲ್ಲಿಲ್ಲಮ್ಮ, ಹೊಲಿಯೋನು ನಾನೇ’ ಎಂದೆ. ನನ್ನ ಮೀಸೆಯನ್ನು ಒಮ್ಮೆ ನೋಡಿ ಯಜಮಾನನನ್ನು ಕರೆದಳು! ಅವನು ತೋರಿಸಿದ ಮಿಷನ್ ಒಂದು ಕೈಯಲ್ಲಿ ಎತ್ತುವಷ್ಟು ಹಗುರ. ಜೇಬು ದಾಟುವಾಗ ತಾನೇ ಮೇಜಿನ ಮೇಲೆ ನಡೆಯತೊಡಗಿತು. ಎರಡನೆಯ ಅಂಗಡಿಯ ಮಿಷನ್‌ನಲ್ಲಿ ಪುಟ್ಟ ಪರದೆ, ಇನ್ನೂರು ತರಹದ ಹೊಲಿಗೆ, ಹೂವು, ಬಾತುಕೋಳಿ. ಜೇಬಿನ ಮೂಲೆಗೆ ಬಂದಾಗ ದೀಪ ಮಿಣುಕಿ ನಿಂತೇಬಿಟ್ಟಿತು. ‘ಜೇಬು ಬಿಚ್ಚಿಬಿಡಿ ಸಾರ್, ಸಲೀಸಾಗಿ ಹೋಗುತ್ತೆ’ ಎಂದ ಪುಣ್ಯಾತ್ಮ. ಬಾತುಕೋಳಿ ಹೊಲಿಯುವ ಮಿಷನ್‌ಗೆ ಒಂದು ಜೇಬು ದಾಟಲಾಗದಿದ್ದರೆ ಬಿಚ್ಚಬೇಕಾದದ್ದು ಜೇಬನ್ನಲ್ಲ, ಮಿಷನ್ನನ್ನು ಎಂದು ಹೇಳಿ ಬಂದೆ.

ಮೂರನೆಯದು ಟೈರ್ ಅಂಗಡಿಗಳ ಹಿಂದೆ, ಗಾಡಿಗಳ ಸೀಟು ಹೊಲಿಯುವವರಿಗೆ ಮಿಷನ್ ಮಾರುವ ಮುದುಕರೊಬ್ಬರದು. ಯಾರಿಗೆ ಬೇಕೆಂದು ಅವರು ಕೇಳಲೇ ಇಲ್ಲ. ನನ್ನ ತುಂಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಎದ್ದು ತಮ್ಮ ಸ್ಟೂಲನ್ನೇ ಬಿಟ್ಟುಕೊಟ್ಟರು. ‘ನೀವೇ ತುಳೀರಿ. ನಿಮ್ಮ ಕಾಲಿಗೆ ಒಗ್ಗಬೇಕು.’ ತುಳಿದೆ. ನೇರ ಹೊಲಿಗೆ ಬಿಟ್ಟು ಅದಕ್ಕೆ ಬೇರೇನೂ ಬರುವುದಿಲ್ಲ. ಆದರೆ ಒಂಬತ್ತು ಪದರದ ಮೇಲೆ ಹೋಗುವಾಗಲೂ ಅದರ ಸದ್ದು ಬದಲಾಗಲಿಲ್ಲ. ಕಣ್ಣು ಮೋಸಹೋಗಬಹುದು, ಮಿಷನ್‌ಗಳ ವಿಷಯದಲ್ಲಿ ನನ್ನ ಕಿವಿ ಮೋಸಹೋಗುವುದಿಲ್ಲ. ಸೂಜಿಯಿಂದ ಕಂಬದವರೆಗೆ ಒಂದು ಅಡಿಗಿಂತ ಹೆಚ್ಚು ಜಾಗವಿದೆ. ಕೊರತೆಗಳನ್ನೂ ಹೇಳಿಬಿಡುತ್ತೇನೆ: ಎತ್ತಲು ಇಬ್ಬರು ಬೇಕು, ಮೋಟಾರು ಮೇಜಿನ ಕೆಳಗೇ ಕೂತಿದೆ, ಮಡಚುವ ಮಾತಿಲ್ಲ, ಮೇಜು ನಾಲ್ಕು ಅಡಿ ಉದ್ದ.

ಭಾನುವಾರ ನಿನ್ನ ಅಣ್ಣ ಬಂದಿದ್ದರು. ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ‘ಏನ್ ಭಾವಾ, ಬಸ್ಸಿನ ಹೊಟ್ಟೆ ಬಗೆದ ಕೈಗೆ ಕೊನೆಗೂ ಸೂಜಿ ದಾರ ಬಂತಾ? ಹೊಲಿಯೋದಾದ್ರೆ ಒಳಗೆ ಕೂತು ಹೊಲೀರಪ್ಪ, ಬೀದಿಯೋರು ನೋಡ್ತಾರೆ’ ಎಂದರು. ನಿನಗೂ ಆ ಅಳುಕು ಇದೆಯೆಂದು ಬಲ್ಲೆ. ನೋಡಲಿ. ಗ್ರೀಸು ಮೆತ್ತಿದ ಕೈಯನ್ನು ಬೀದಿ ನೋಡಿದೆ, ದಾರ ಹಿಡಿದ ಕೈಯನ್ನೂ ನೋಡಲಿ. ಖಾಕಿಯ ಮೇಲೆ ಖಾಕಿ ದಾರ ಕಾಣಬೇಕಾದರೆ ನನ್ನ ಕಣ್ಣಿಗೆ ಹಗಲ ಬೆಳಕೇ ಬೇಕು. ಹಿಂದಿನ ಕೋಣೆಯಲ್ಲಿ ಮಧ್ಯಾಹ್ನಕ್ಕೇ ಕತ್ತಲೆ. ಬೆಳಕಿರುವುದು ಮುಂದಿನ ಕಿಟಕಿಯಲ್ಲಿ ಮಾತ್ರ. ಬ್ರೇಕಣ್ಣನ ಅಂಗಿಯನ್ನು ನಾನು ಮರೆಯಲ್ಲಿ ಕೂತು ಹೊಲಿಯುವವನಲ್ಲ.

ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ ಹೇಳು. ಮೊಮ್ಮಗಳ ಅಂಗಾಲಿಗೆ ನನ್ನ ಪರವಾಗಿ ಒಂದು ಮುತ್ತು. ಮೆಟ್ಟಿಲ ಮಾತು ಮರೆಯಬೇಡ.

ಇಂತಿ ನಿನ್ನ,
‘ರೀ’

ಮರೆತ ಮಾತು (ಬುಧವಾರ ಬೆಳಿಗ್ಗೆ, ಅವಸರದಲ್ಲಿ): ಮರೆತದ್ದಲ್ಲ, ನಿನ್ನೆ ಬರೆಯಲು ಕೈ ಬರಲಿಲ್ಲ. ಆ ಕಿಟಕಿಯ ಕೆಳಗೆ ಏನಿತ್ತೆಂದು ನಿನಗೆ ಗೊತ್ತು. ‘ಏನಾದ್ರೂ ಮಾಡಿ, ಸೋಫಾ ಮಾತ್ರ ಅಲುಗಾಡಬಾರದು’ ಎಂದು ಹೊರಡುವಾಗ ನೀನು ಹೇಳಿದ್ದೆ. ಹಿಂದಿನ ಕೋಣೆಯ ಬಾಗಿಲಿಗಿಂತ ಅದು ಮೂರು ಇಂಚು ಅಗಲ, ಎರಡು ಸಲ ಅಳೆದೆ. ಹನ್ನೆರಡು ವರ್ಷದಿಂದ ಪ್ಲಾಸ್ಟಿಕ್ ಹೊದಿಕೆ ತೆಗೆಯದೆ, ನಿನ್ನ ಅಣ್ಣನನ್ನು ಬಿಟ್ಟು ಯಾರನ್ನೂ ಕೂರಿಸದೆ ಕಾಪಾಡಿದ ಆ ಸೋಫಾವನ್ನು ಇವತ್ತು ಏಳು ಗಂಟೆಗೆ ಕೈಗಾಡಿಯಲ್ಲಿ ಹೇರಿಸಿ, ಅದನ್ನು ಕೊಟ್ಟ ನಿನ್ನ ಅಣ್ಣನ ಮನೆಗೇ ಮರಳಿಸಿದೆ. ಈ ಕಾಗದಕ್ಕಿಂತ ಮೊದಲು ಅವರ ಫೋನು ಬರುತ್ತದೆ. ಬೈದರೆ ಬೈಸಿಕೋ, ನನ್ನ ಪರವಾಗಿ ಕ್ಷಮೆ ಮಾತ್ರ ಕೇಳಬೇಡ. ಇನ್ನೊಂದು. ಆರು ವರ್ಷದ ಹಿಂದೆ ನಾನು ಡಿಪೋಗೆ ಒಯ್ದು ಕಳೆದೆನೆಂದು ಊರಿಗೆಲ್ಲ ಹೇಳಿದೆಯಲ್ಲ, ನಿನ್ನ ದೊಡ್ಡ ಕತ್ತರಿ, ಅದು ಸೋಫಾದ ಕೆಳಗಿತ್ತು. ಇವತ್ತೇ ಸಾಣೆ ಹಿಡಿಸುತ್ತೇನೆ. ಅದರಿಂದ ಮೊದಲು ಕತ್ತರಿಸುವುದು ಬ್ರೇಕಣ್ಣನ ಅಂಗಿಯನ್ನೇ, ಜೇಬು ಉಳಿಸಿಕೊಂಡು.