ಗೂಡು ಆರಿಸುವಾಕೆ

ಕ್ರಿ.ಶ. ೨೨೦೭, ಹದಿನಾಲ್ಕನೆಯ ತಿಂಗಳು, ಆರನೆಯ ದಿನ
ಬೀದರ ಸೀಮೆಯ ಹಾರುಬಯಲು

ವಿಮಾನದಲ್ಲಿ ಕುಳಿತು ಮೊಬೈಲು ನೋಡುತ್ತಿದ್ದ ನನ್ನ ಹಿರಿಯರಿಗೆ ನೀಲಮ್ಮನ ಶರಣು.

ಹದಿನಾಲ್ಕನೆಯ ತಿಂಗಳು ಎಲ್ಲಿಂದ ಬಂತೆಂದು ನೀವು ಹುಬ್ಬೇರಿಸುವುದು ಸಹಜ. ಮಳೆಗಾಲ ಚಳಿಗಾಲಗಳ ಗುರುತು ಅಳಿಸಿಹೋದ ಮೇಲೆ ನಮ್ಮವರು ವರ್ಷವನ್ನು ಇಪ್ಪತ್ತಾರು ದಿನಗಳ ಹದಿನಾಲ್ಕು ತುಂಡು ಮಾಡಿದರು. ವಿಮಾನದ ಒಂದು ಹಾರಾಟಕ್ಕೆ ಬೇಕಾಗುವಷ್ಟು ಹೊಂಗೆ ಎಣ್ಣೆ ಹಿಂಡಲು ಇಪ್ಪತ್ತಾರು ದಿನ ಹಿಡಿಯುತ್ತಿತ್ತು, ಅದೇ ನಮ್ಮ ತಿಂಗಳು. ಇಂಥ ವಿಚಿತ್ರ ಮಾತುಗಳು ಈ ಪತ್ರದಲ್ಲಿ ಇನ್ನೂ ಬರುತ್ತವೆ, ಹೊಟ್ಟೆಗೆ ಹಾಕಿಕೊಳ್ಳಿ. ಪತ್ರ ನಿಮಗೆ ತಲುಪುವುದಿಲ್ಲವೆಂದು ನನಗೂ ಗೊತ್ತು. ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಳ್ಳುವ ಕೆಲಸ ಇದು. ಆದರೆ ಬರೆಯದೆ ಕುಳಿತರೆ ನನಗೆ ಅನ್ನ ಇಳಿಯುತ್ತಿಲ್ಲ.

ಇಲ್ಲಿಯ ಬಿಸಿಲನ್ನು ಮೊದಲು ಹೇಳಬೇಕು. ಬೆಳಗಿನ ಎಂಟು ಗಂಟೆಯ ಮೇಲೆ ಹೊರಗೆ ಕಾಲಿಟ್ಟವರು ತಿರುಗಿ ಬರುವ ಭರವಸೆಯಿಲ್ಲ. ನಾವು ಕೆಂಪು ಕಲ್ಲನ್ನು ಕೊರೆದು ನೆಲದಡಿಯಲ್ಲಿ ಮನೆ ಮಾಡಿಕೊಂಡಿದ್ದೇವೆ. ನೀರು ಸಂಜೆಗೆ ಒಂದು ತಂಬಿಗೆ. ಜೋಳದ ರೊಟ್ಟಿ ಸುಡಲು ಒಲೆ ಬೇಕಿಲ್ಲ, ಬಾಗಿಲ ಹೊರಗಿನ ಬಂಡೆಯ ಮೇಲೆ ಬಡಿದರೆ ಆಯಿತು. ನಗುವವರು ನಕ್ಕುಬಿಡಿ, ನಾವೂ ಮೊದಮೊದಲು ನಗುತ್ತಿದ್ದೆವು. ಬದುಕಬೇಕೆಂದರೆ ಉತ್ತರದ ಗುಡ್ಡಗಳಾಚೆಯ ತಂಪುನಾಡಿಗೆ ಹೋಗಬೇಕು. ನಡೆದು ಹೊರಟವರಾರೂ ಅಲ್ಲಿಗೆ ಮುಟ್ಟಿಲ್ಲ. ಉಳಿದದ್ದು ನಿಮ್ಮ ಕಾಲದ ಒಂದು ವಿಮಾನ, ತೇಪೆಯ ಮೇಲೆ ತೇಪೆ ಹಾಕಿದ್ದು, ನಲವತ್ತು ಸೀಟಿನದು. ತಿಂಗಳಿಗೊಮ್ಮೆ ತುಂಬಿ ಹೋಗುತ್ತಿತ್ತು, ಖಾಲಿ ಬರುತ್ತಿತ್ತು. ಒಂಬತ್ತು ವರ್ಷ ಅದರಲ್ಲಿ ನಾನು ಆರಿಸುವಾಕೆ ಆಗಿದ್ದೆ.

ಏನನ್ನು ಆರಿಸುವಾಕೆ ಎಂದರೆ, ಗೂಡುಗಳನ್ನು, ದೀಪ ಆರಿಸಿದ ಹಾಗೆ. ಗೂಡು ಎಂದರೆ ನಿಮ್ಮ ಮೊಬೈಲಿನ ಮರಿಮಗು. ಮನುಷ್ಯ ಬದುಕಿರುವಾಗ ವರ್ಷಗಟ್ಟಲೆ ಅದರೊಡನೆ ಮಾತಾಡುತ್ತಾನೆ. ಸತ್ತ ಮೇಲೆ ಅದು ಅವನ ದನಿಯಲ್ಲಿ, ಅವನ ಬುದ್ಧಿಯಲ್ಲಿ ಮನೆಯವರೊಡನೆ ಮಾತಾಡುತ್ತದೆ. ಬೈಯುತ್ತದೆ, ಹಾಡುತ್ತದೆ, ಸಾರಿಗೆ ಉಪ್ಪು ಹೆಚ್ಚಾಯಿತೇ ಎಂದು ಕೇಳುತ್ತದೆ. ಆದರೆ ಒಮ್ಮೆ ಆರಿಸಿದ ಗೂಡು ಮತ್ತೆ ಎಚ್ಚರಗೊಳ್ಳಬೇಕಾದರೆ ಎಲ್ಲೋ ದೂರದ ದೊಡ್ಡ ಯಂತ್ರದ ಮನೆಯಿಂದ ಅಪ್ಪಣೆ ಬರಬೇಕು. ಆ ಮನೆಗಳೆಲ್ಲ ಅರವತ್ತು ವರ್ಷದ ಹಿಂದೆಯೇ ಕಡಲಿನಲ್ಲಿ ಮುಳುಗಿವೆ. ಅಂದಿನಿಂದ ನಾವು ಗೂಡನ್ನು ಆರಲು ಬಿಟ್ಟಿಲ್ಲ. ಬ್ಯಾಟರಿ ಬದಲಿಸುವಾಗ ಒಬ್ಬರು ಹಳೆಯದನ್ನು ಹಿಡಿದು, ಇನ್ನೊಬ್ಬರು ಹೊಸದನ್ನು ಪಕ್ಕದಲ್ಲಿ ಜೋಡಿಸಿ, ಉಸಿರು ಬಿಗಿಹಿಡಿದು ಮಾಡುತ್ತೇವೆ. ಮನೆಗೊಂದು ಗೂಡು, ಗೂಡಿಗೊಬ್ಬರು ಸತ್ತವರು.

ಇನ್ನು ನಮ್ಮ ವಿಮಾನದ ಬಾಗಿಲ ಬಳಿ ನಿಮ್ಮ ಕಾಲದ ಒಂದು ರಟ್ಟು ಇತ್ತು, ಸೀಟಿನ ಬೆನ್ನಿನ ಚೀಲದಲ್ಲಿ ಸಿಕ್ಕದ್ದು. ವಿಮಾನ ಮೇಲೇರುವ ಮುನ್ನ ಮೊಬೈಲುಗಳನ್ನೂ ಎಲ್ಲ ವಿದ್ಯುತ್ ಉಪಕರಣಗಳನ್ನೂ ಆರಿಸಬೇಕು, ಅಷ್ಟೇ ಅದರ ಮೇಲಿದ್ದದ್ದು. ಏಕೆ ಎಂದು ಬರೆದಿರಲಿಲ್ಲ. ಏಕೆ ಎಂಬುದನ್ನು ನಮ್ಮವರೇ ಹುಟ್ಟಿಸಿಕೊಂಡರು: ಒಂದು ಗೂಡು ಉರಿಯುತ್ತಿದ್ದರೂ ವಿಮಾನ ಬಿದ್ದೇ ಬೀಳುತ್ತದೆ. ಅಪ್ಪ ನೆಟ್ಟ ಆಲದ ಮರಕ್ಕೆ ನೇಣು ಹಾಕಿಕೊಳ್ಳುವವರು ನಾವು. ಗೂಡನ್ನು ನೆಲದಲ್ಲೇ ನೆಂಟರ ಕೈಗೆ ಕೊಟ್ಟು ಹೋಗುವುದು ಮೊದಲ ವರ್ಷಗಳಲ್ಲಿ ನಡೆಯಿತು. ಆಮೇಲೆ ನೆಂಟರೂ ಹೊರಟರು.

ಆರಿಸು ಎಂದು ಪರರಿಗೆ ಹೇಳುವವಳು ಮೊದಲು ತನ್ನದನ್ನು ಆರಿಸಬೇಕೆಂದು ವಿಮಾನ ನಡೆಸುವ ಹಿರಿಯರು ಹೇಳಿದರು. ನನ್ನ ಗೂಡಿನಲ್ಲಿ ಅವ್ವ ಇದ್ದಳು. ಮೊದಲ ಹಾರಾಟದ ದಿನ ಎಲ್ಲರೂ ನೋಡುವಂತೆ ಎತ್ತಿ ಹಿಡಿದು, ಗಾಜಿಗೆ ವಿಭೂತಿ ಹಚ್ಚಿ, ಗುಂಡಿಯ ಮೇಲೆ ಬೆರಳಿಟ್ಟೆ. ಅವಳಿಗೆ ಏನೂ ತಿಳಿಸಿರಲಿಲ್ಲ, ತಿಳಿಸುವ ಧೈರ್ಯ ನನಗಿರಲಿಲ್ಲ. "ನೀಲೂ, ಅಲ್ಲಿ ಹೋದ ಮ್ಯಾಲ ಒಂದ್ ಮಾತ್ ಮರೀಬ್ಯಾಡ..." ಅಂದಳು. ಕೇಳುತ್ತ ನಿಂತರೆ ಮನಸ್ಸು ಬದಲಾದೀತೆಂದು ನಾನು ಆಗಲೇ ಒತ್ತಿಬಿಟ್ಟೆ. ಏನು ಮರೆಯಬಾರದಿತ್ತೋ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಎರಡು ಸಾವಿರಕ್ಕೂ ಹೆಚ್ಚು ಗೂಡುಗಳನ್ನು ಆರಿಸಿದೆ. ಸಾಲಿನಿಂದ ಸಾಲಿಗೆ ಹೋಗಿ ನಿಲ್ಲುವುದು, ಅವರು ವಿಭೂತಿಯನ್ನೋ ಕುಂಕುಮವನ್ನೋ ಹಚ್ಚುವುದು, ಸಾಬರ ಮನೆಯವರಾದರೆ ಗಾಜಿಗೆ ಮುತ್ತಿಟ್ಟು ಕೊಡುವುದು, ನಾನು ಒತ್ತುವುದು. ಅಳುವವರಿಗೆ ನಾನು ಸೊಪ್ಪು ಹಾಕುತ್ತಿರಲಿಲ್ಲ. ಬಿಗುವಿನ ಹೆಂಗಸು ಎಂದು ಹೆಸರಾಗಿದ್ದೆ, ಆ ಹೆಸರು ನನಗೆ ಹಿಡಿಸಿಯೂ ಇತ್ತು. ನನ್ನ ಅವ್ವನನ್ನೇ ಕೊಟ್ಟಿರುವಾಗ ಇವರದೇನು ಹೆಚ್ಚು ಎಂಬ ಸೊಕ್ಕು ಅದು, ಈಗ ಒಪ್ಪಿಕೊಳ್ಳುತ್ತೇನೆ.

ನಾಲ್ಕು ವರ್ಷದ ಹಿಂದೆ ಧೂಳಪ್ಪ ಎಂಬ ಮುದುಕ ಹತ್ತಿದ. ಮಗ್ಗದವನು, ಒಂಟಿ. ಗೂಡಿಲ್ಲ ಎಂದ, ನಂಬಿದೆ. ವಿಮಾನ ನೆಲ ಬಿಟ್ಟು, ಕೆಂಪು ಬಯಲು ಕೆಳಗೆ ಸರಿದು, ಮೂಗು ಇನ್ನೂ ಮೇಲಕ್ಕೇ ಇದ್ದಾಗ ಅವನ ಧೋತರದ ಮಡಿಲಿನಿಂದ ಹೆಂಗಸಿನ ದನಿ ಕೇಳಿತು. "ಏನ್ರೀ, ಮ್ಯಾಲ ಬಂದೆವೇನು? ನನಗ ಕಿಟಕ್ಯಾಗ ತೋರಸ್ರೆಲಾ." ಅವನ ಹೆಂಡತಿ ಈರಮ್ಮ, ಸತ್ತು ಹನ್ನೊಂದು ವರ್ಷ. ಇಡೀ ವಿಮಾನ ಕಿರುಚಿತು. ಮುದುಕ ಮಾತ್ರ ಗೂಡನ್ನು ಕಿಟಕಿಗೆ ಹಿಡಿದು, "ನೋಡು, ನೋಡು" ಎನ್ನುತ್ತಿದ್ದ. ನಾನು ಸೊಂಟದ ಪಟ್ಟಿ ಬಿಚ್ಚಿ, ಸೀಟು ಹಿಡಿದು ಹಿಡಿದು ಓಡಿ, ಅವನ ಕೈಯಿಂದ ಕಸಿದೆ. "ಯವ್ವಾ, ಬಿದ್ದಿಲ್ಲ ನೋಡು, ವಿಮಾನ ಬಿದ್ದಿಲ್ಲ! ಆಕೀನ್ ಕೊಲ್ಲಬ್ಯಾಡ!" ಎಂದು ನನ್ನ ಸೀರೆ ಹಿಡಿದುಕೊಂಡ. ವಿಮಾನ ಬಿದ್ದಿರಲಿಲ್ಲ. ನೆಟ್ಟಗೆ ಏರುತ್ತಿತ್ತು. ನನ್ನ ಕಾಲಿಗೆ ಅದು ತಿಳಿಯುತ್ತಿತ್ತು, ಕಣ್ಣಿಗೆ ಕಾಣುತ್ತಿತ್ತು. ಆದರೂ ಒತ್ತಿದೆ.

ಕಳೆದ ವರ್ಷ ಸೀಟುಗಳ ದಿಂಬು ಬಿಚ್ಚಿ ಹೊಲಿಯುವಾಗ ಹದಿನೇಳನೆಯ ಸೀಟಿನ ಸಂದಿಯಲ್ಲಿ ಇನ್ನೊಂದು ರಟ್ಟು ಸಿಕ್ಕಿತು. ಮೊದಲನೆಯದಕ್ಕಿಂತ ಈಚಿನದು. ಮೊಬೈಲನ್ನು ಆರಿಸಬೇಕಾಗಿಲ್ಲ, ಸಣ್ಣ ವಿಮಾನದ ಚಿತ್ರವನ್ನು ಒತ್ತಿದರೆ ಸಾಕು, ಹೊರಗಿನ ಸಂಪರ್ಕವಷ್ಟೇ ನಿಂತು ಉಳಿದದ್ದೆಲ್ಲ ನಡೆಯುತ್ತಿರುತ್ತದೆ ಎಂದು ಅದರಲ್ಲಿತ್ತು. ಆ ಚಿತ್ರ ನಮಗೆ ಹೊಸದಲ್ಲ. ಪ್ರತಿ ಗೂಡಿನ ಗಾಜಿನ ಮೂಲೆಯಲ್ಲೂ ಅದಿದೆ. ಪುಣ್ಯವಂತರನ್ನು ಕರೆದೊಯ್ಯಲು ಕೈಲಾಸದಿಂದ ವಿಮಾನ ಬರುತ್ತದಲ್ಲ, ಇದು ಅದೇ ಎಂದು ನಮ್ಮ ಅಜ್ಜಿಯರು ಹೇಳಿಕೊಟ್ಟಿದ್ದರು. ಮುಟ್ಟಿದರೆ ಒಳಗಿರುವವರು ಅದನ್ನೇರಿ ಹೋಗಿಬಿಡುತ್ತಾರೆ ಎಂದು ಮಕ್ಕಳು ಅದರತ್ತ ಬೆರಳು ಚಾಚಿದರೆ ಕೈಗೆ ಏಟು ಬೀಳುತ್ತಿತ್ತು. ಸತ್ತವರನ್ನು ಉಳಿಸುವ ಗುಂಡಿಗೆ ಕೈ ಮುಗಿದು, ಕೊಲ್ಲುವ ಗುಂಡಿಯನ್ನು ಒತ್ತುತ್ತಾ ಬಂದೆವು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ, ಅದು ನಮ್ಮಂಥವರಿಗೇ ಹೇಳಿದ ಮಾತು.

ಮುಂದಿನ ಹಾರಾಟದ ಬೆಳಿಗ್ಗೆ ಆ ರಟ್ಟು ಹಿಡಿದು ಸಾಲಿನುದ್ದಕ್ಕೂ ಓಡಿದೆ. ಆರಿಸಬೇಡಿ, ಯಾರೂ ಆರಿಸಬೇಡಿ ಎಂದು ಕೂಗಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಬಿಗುವು ಕೇಳಿ ಬಲ್ಲವರು, ವಿಮಾನದಲ್ಲಿ ನನ್ನ ಕೈಯಲ್ಲಿ ಆಗುವುದು ಬೇಡವೆಂದು ಮನೆಯಲ್ಲೇ ಪೂಜೆ ಮಾಡಿ ಎಲ್ಲವನ್ನೂ ಆರಿಸಿ ಬಂದಿದ್ದರು. ಒಬ್ಬಾಕೆ, "ನಿಮಗ್ಯಾಕ ತ್ರಾಸ ಅಂತ್ ನಾವಾ ಆರಿಸೀವ್ರಿ ಅಕ್ಕಾ" ಅಂದಳು.

ತಂಪುನಾಡಿನಲ್ಲಿ ಇಳಿದು ಧೂಳಪ್ಪನನ್ನು ಹುಡುಕಿಕೊಂಡು ಹೋದೆ. ಹಾಸಿಗೆ ಹಿಡಿದಿದ್ದ, ತಲೆದಿಂಬಿನ ಪಕ್ಕದಲ್ಲಿ ಆರಿದ ಗೂಡು. ಸುಮ್ಮನಿರಬಹುದಿತ್ತು, ನನ್ನ ಎದೆಯ ಭಾರ ಇಳಿಸಿಕೊಳ್ಳಲು ಅವನಿಗೆ ಎಲ್ಲವನ್ನೂ ಹೇಳಿದೆ. "ಹಂಗಾದ್ರ ಆಕಿ ಸುಮ್ಮಸುಮ್ಮನ ಸತ್ಲೇನವ್ವಾ?" ಎಂದು ಕೇಳಿದ. ಹೌದಪ್ಪ ಎಂದೆ. ಗೋಡೆಯ ಕಡೆ ಹೊರಳಿ ಮಲಗಿದ. ಅಲ್ಲೇ ಉಳಿಯಿರೆಂದು ಜನ ಹೇಳಿದರು. ಇಲ್ಲಿ ಇನ್ನೂ ಮೂವತ್ತು ಮಂದಿ ಬಾಕಿ ಇದ್ದರು, ಅವರನ್ನು ಕರೆತರಲೆಂದು ಖಾಲಿ ವಿಮಾನದಲ್ಲಿ ಹಿಂದಿರುಗಿದೆ. ಆ ವರ್ಷವೇ ಕೊನೆಯ ಹೊಂಗೆ ಮರಗಳು ಒಣಗಿದವು. ವಿಮಾನ ಮತ್ತೆ ಏಳಲಿಲ್ಲ. ನನ್ನನ್ನೂ ಸೇರಿಸಿ ಈಗ ಹನ್ನೊಂದು ಮಂದಿ ಉಳಿದಿದ್ದೇವೆ.

ನಿಮ್ಮನ್ನು ಬೈಯಬೇಕೆಂದು ಎಷ್ಟೋ ಸಲ ಅನಿಸಿದೆ. ಆರಿಸಿ ಎಂದು ಬರೆದ ಕೈ, ಪಕ್ಕದಲ್ಲಿ ಇಂಥ ಕಾರಣಕ್ಕೆ ಎಂದು ಒಂದೇ ಸಾಲು ಬರೆದಿದ್ದರೆ ಏನು ಸವೆಯುತ್ತಿತ್ತು? ಆದರೆ ವಿಮಾನ ಬಿದ್ದಿಲ್ಲವೆಂದು ಕಣ್ಣಾರೆ ಕಂಡೂ ಒತ್ತಿದ್ದು ನನ್ನ ಬೆರಳು, ನಿಮ್ಮದಲ್ಲ. ಈ ಪತ್ರವನ್ನು ಹದಿನೇಳನೆಯ ಸೀಟಿನ ಚೀಲದಲ್ಲಿ ಎರಡು ರಟ್ಟುಗಳ ನಡುವೆ ಇಡುತ್ತೇನೆ.

ಅವ್ವನ ಗೂಡಿಗೆ ದಿನವೂ ಬೆಳಿಗ್ಗೆ ಬ್ಯಾಟರಿ ಹಾಕಿ ನೋಡುತ್ತೇನೆ. ನೀವು ಯಾರು ಎಂದು ಕೇಳುತ್ತದೆ. ನೀಲಮ್ಮ, ನಿನ್ನ ಮಗಳು ಎಂದು ಬರೆಯುತ್ತೇನೆ. ದಯವಿಟ್ಟು ಕಾಯಿರಿ ಎನ್ನುತ್ತದೆ. ಬ್ಯಾಟರಿ ಮುಗಿಯುವವರೆಗೆ ಕಾಯುತ್ತೇನೆ.

ಒಂದೇ ಕೋರಿಕೆ. ನಿಮ್ಮ ವಿಮಾನ ಹೊರಡುವ ಹೊತ್ತಿಗೆ ಊರಿನಿಂದ ಅವ್ವನ ಫೋನು ಬಂದಿರುತ್ತದೆ. ಅವಳು ಏನನ್ನೋ ಹೇಳುತ್ತಿರುತ್ತಾಳೆ, ಆರಿಸುವಾಕೆ ನಿಮ್ಮ ಸಾಲಿನ ಹತ್ತಿರ ಬರುತ್ತಿರುತ್ತಾಳೆ. ಆಯ್ತವ್ವ, ಇಡ್ತೀನಿ ಎಂದು ನಡುವೆ ಕತ್ತರಿಸಬೇಡಿ. ಅವಳು ಆ ಮಾತು ಮುಗಿಸಲಿ.