ತನ್ವಿ ಹೇಳಿದ ನನ್ನ ವಾಕ್ಯ

೧೩ ನವೆಂಬರ್, ಗುರುವಾರ

ಇಂಗ್ಲಿಷ್ ಗ್ರಾಮರಿನ ನೈದರ್–ನಾರ್ ಪಾಠದ ವಿಡಿಯೋ ಇವತ್ತು ನೆಟ್ಟಿಗೆ ಬಂತು. ಪಾಠ ಬರೆದವಳು ನಾನು, ಕ್ಯಾಮೆರಾ ಮುಂದೆ ನಿಂತವಳು ತನ್ವಿ. ಬೋಗಾದಿಯ ನಮ್ಮ ಕೋಚಿಂಗ್ ಸೆಂಟರಿಗೆ ಅವಳು ಸೇರಿ ಎರಡು ತಿಂಗಳು, ನಾನು ಸೇರಿ ಹನ್ನೊಂದು ವರ್ಷ. "ನಿಮ್ಮ ಗ್ರಾಮರ್ ಪರ್ಫೆಕ್ಟು ಮೇಡಂ, ಆದ್ರೆ ಮಾತಲ್ಲಿ ಹಳ್ಳಿ ವಾಸ್ನೆ ಹೊಡಿಯುತ್ತೆ ಕಣ್ರೀ," ಎಂದಿದ್ದರು ಮಾಲೀಕರು, ನಗುತ್ತ. ನಾನೂ ನಕ್ಕಿದ್ದೆ. ಥೂ.

ಈ ಪಾಠಕ್ಕೆ ನಾನು ಮೊದಲಿನಿಂದ ಕೊಡುವ ಉದಾಹರಣೆ ಒಂದೇ: ನೈದರ್ ಮೈ ಬ್ರದರ್ಸ್ ನಾರ್ ಮೈ ಫಾದರ್ ನೋಸ್ ಇಂಗ್ಲಿಷ್. ಅಣ್ಣಂದಿರಿಗೂ ಇಂಗ್ಲಿಷ್ ಬರುವುದಿಲ್ಲ, ಅಪ್ಪನಿಗೂ ಬರುವುದಿಲ್ಲ. ಅಣ್ಣಂದಿರು ಎಷ್ಟೇ ಜನರಿರಲಿ, ಕ್ರಿಯಾಪದ ತನಗೆ ಹತ್ತಿರ ನಿಂತ ಅಪ್ಪನನ್ನೇ ಹಿಡಿದು ನಡೆಯುತ್ತದೆ. ಕ್ಲಾಸಿನಲ್ಲಿ ಅದನ್ನು ನಾನು ಈಗಲೂ ಬೋರ್ಡಿನ ಕಡೆ ತಿರುಗಿಕೊಂಡೇ ಹೇಳುತ್ತೇನೆ. ತನ್ವಿ ಕಣ್ಣು ಹೊಡೆದು ಹೇಳಿದ್ದಾಳೆ. ಕಾಮೆಂಟಿನ ತುಂಬ ನಗುವ ಮುಖಗಳು. ಅವಳಪ್ಪ ಡಾಕ್ಟರು.

ಬೆಟ್ಟದ ದೇವಸ್ಥಾನದ ಮುಂದೆ ಹಣ್ಣುಕಾಯಿ ಮಾರಿ ನನ್ನನ್ನು ಎಂ.ಎ. ಓದಿಸಿದ ಅಪ್ಪ, ಊಟವಾದ ಮೇಲೆ ಆ ವಿಡಿಯೋವನ್ನು ನನ್ನ ಫೋನಿನಲ್ಲಿ ಪೂರ್ತಿ ನೋಡಿದ. ಆ ವಾಕ್ಯ ಬಂದಾಗ ತನ್ವಿ ನಕ್ಕಳು, ಅವಳ ಜೊತೆ ಅಪ್ಪನೂ ನಕ್ಕ.

"ಎಷ್ಟು ಚೆಂದಾಗಿ ಹೇಳ್ಕೊಡ್ತಾಳೆ ಕಣವ್ವ! ನೀನೂ ವಸಿ ಇಂಗೇ ಮಾತಾಡೋದ ಕಲ್ತ್ಕೊ," ಎಂದ. ಆಮೇಲೆ ಕೇಳಿದ: "ಅದೇನವ್ವ ಅಂದಿದ್ದು, ಅಷ್ಟು ನಗಾಡ್ಕೊಂಡು?"

"ಏನಿಲ್ಲಪ್ಪ," ಎಂದೆ. "ಯಾರ್ದೋ ಮನೆ ವಿಷ್ಯ."