ರಾಣಿಯ ಮಂಗಳೂರು ಕನ್ನಡ

ಎಡಿಸನ್, ನ್ಯೂಜೆರ್ಸಿ
ಭಾನುವಾರ, ನವೆಂಬರ್ 2, 2025

ಪ್ರೀತಿಯ ಜಯಂತಿ,

ಒಂದು ವಿಷಯವನ್ನು ನಿನಗೆ ತಿಳಿಸದೆಯೇ ಬಿಡುವವಳಿದ್ದೆ. ಸೆಪ್ಟೆಂಬರಿನಲ್ಲಿ ನಾವಿಬ್ಬರೂ ಮಾಡಿದ ಜರ್ಮನ್ ಕಾದಂಬರಿಯ ಅನುವಾದವನ್ನು ಕನ್ನಡ ಸಂಘದಲ್ಲಿ ಓದಿದೆನಲ್ಲ, ಅದರ ಆಮಂತ್ರಣದಲ್ಲಿ ಅಚ್ಚಾದದ್ದು ನನ್ನೊಬ್ಬಳ ಹೆಸರು. ಆರು ವಾರ ನಿನಗೆ ಬರೆಯದಿದ್ದುದಕ್ಕೆ ಕಾರಣ ಆಫೀಸಿನ ಕೆಲಸವಲ್ಲ, ಇದೇ. ತಡವಾದದ್ದಕ್ಕೆ ಬೇಸರಿಸಬೇಡ. ಹ್ಯಾಂಬರ್ಗಿನಲ್ಲಿ ಚಳಿ ಶುರುವಾಗಿರಬೇಕು; ನೀನೂ ನಿನ್ನವರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ವಾಟ್ಸಾಪಿನಲ್ಲಾದರೆ ಬರೆದದ್ದನ್ನು ಅಳಿಸಿಬಿಡುತ್ತೇನೆ. ಅದಕ್ಕೇ ಕಾಗದ.

ಪಿಸ್ಕಾಟವೇಯ ಲೈಬ್ರರಿ ಹಾಲಿನಲ್ಲಿ ಅವತ್ತು ಕುರ್ಚಿ ಸಾಲಲಿಲ್ಲ. ದೊರೆ ಸತ್ತದ್ದನ್ನು ಮುಚ್ಚಿಟ್ಟು ಅವನ ಸಹಿ ಹಾಕಿಯೇ ಹನ್ನೊಂದು ದಿನ ರಾಜ್ಯ ನಡೆಸುವ ಮಂತ್ರಿ, ಎಲ್ಲ ತಿಳಿದೂ ಅವನನ್ನು ಊಟಕ್ಕೆ ಕರೆಯುವ ವಿಧವೆ ರಾಣಿ. ಮುನ್ನೂರು ವರ್ಷದ ಹಿಂದಿನ ಜರ್ಮನ್ ಅರಮನೆಯ ಪಿತೂರಿ ಇಲ್ಲಿ ಯಾರಿಗೆ ಬೇಕು ಎಂದು ನನಗೆ ಅಳುಕಿತ್ತು. ಮೊದಲ ಅಧ್ಯಾಯ ಮುಗಿಯುವಷ್ಟರಲ್ಲಿ, ಮಗನ ಮನೆಗೆ ಆರು ತಿಂಗಳಿಗೆಂದು ಬಂದಿರುವ ಲಕ್ಷ್ಮಮ್ಮನವರು ಪಕ್ಕದವರಿಗೆ ಹೇಳಿದರು: "ಈ ಮಂತ್ರೀನ ನಾನು ನೋಡಿದೀನಿ ಕಣ್ರೀ. ನಮ್ಮೂರ ಹಾಲಿನ ಡೇರಿ ಅಧ್ಯಕ್ಷ. ಎಲ್ಲಾರ ಕಾಲಿಗೂ ಬಿದ್ದೇ ಮೂರು ಸಲ ಗೆದ್ದ."

ರಾಣಿ ಮಂತ್ರಿಯನ್ನು ಬಾಗಿಲಲ್ಲೇ ತಡೆದು, "ಎಂತ ಮಾರಾಯ್ರೇ, ಸತ್ತವರ ಕೈ ಇನ್ನೂ ಬರೀತಾ ಉಂಟಾ?" ಎಂದಾಗ ಇಡೀ ಹಾಲು ನಕ್ಕಿತು.

ಆ ಮಾತು ನಿನ್ನದು, ನಿಮ್ಮ ಮಂಗಳೂರಿನದು. ನೀನಿನ್ನೂ ಇಲ್ಲಿದ್ದಾಗ, ಎಡಿಸನ್ನಿಂದ ನೂವರ್ಕಿನವರೆಗೆ ದಿನಾ ಬೆಳಿಗ್ಗೆ ಆಫೀಸಿನ ಟ್ರೇನಿನಲ್ಲಿ ನೀನು ಜರ್ಮನ್ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ, ನಾನು ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಬರೆಯುತ್ತಿದ್ದೆ. ರಾಣಿಯ ಮಾತನ್ನು ಸ್ವಲ್ಪ ಮೈಸೂರಿನ ಕಡೆಗೆ ತಿರುಗಿಸುತ್ತೇನೆ ಎಂದು ನಾನು ಹೇಳಿದ್ದಕ್ಕೆ ನೀನು, "ನಿಮ್ಮ ಮೈಸೂರಿನವರು ಕುತ್ತಿಗೆ ಕೊಯ್ಯುದಾದ್ರೂ ಕಾಫಿ ಕೊಟ್ಟೇ ಕೊಯ್ಯುದು. ನನ್ನ ರಾಣಿ ಹಾಗಲ್ಲ" ಎಂದೆ. ಒಂದಕ್ಷರವನ್ನೂ ಮುಟ್ಟಲಿಲ್ಲ ನಾನು.

ಎರಡು ವರ್ಷ, ನಾನೂರ ಹನ್ನೆರಡು ಪುಟ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ, ಕನ್ನಡ ಪೇಪರಿನ ಹೆಡ್‌ಲೈನ್ ದಾಟದಿದ್ದ ನಾನು ಅಷ್ಟನ್ನೂ ಬರೆದು ಮುಗಿಸಿದೆ. ಈ ಹೆಮ್ಮೆಯಲ್ಲಿ ನನ್ನ ಪಾಲು ಎಷ್ಟು ಎಂದು ಕೇಳಿಕೊಳ್ಳುತ್ತಲೇ ಇದ್ದೇನೆ. ಕೇಳಿಕೊಂಡರೂ ಅದು ಕಡಿಮೆಯಾಗುತ್ತಿಲ್ಲ. ನಾವಿಬ್ಬರೂ ಒಂದು ಒಳ್ಳೆಯ ಕೆಲಸ ಮಾಡಿದೆವು, ಜಯಂತಿ.

ಮನೆಗೆ ಬರುವಾಗ ಕಾರಿನಲ್ಲಿ ನಿಧಿ ಕೇಳಿದಳು: "ಅಮ್ಮಾ, ಡಸ್ ದ ಕ್ವೀನ್ ವಿನ್?"

"ಜಯಂತಿ ಆಂಟೀನ ಕೇಳು. ರಾಣಿ ಅವಳ ಕಡೆಯವಳು."

"ದೆನ್ ವೈ ಈಸ್ ಹರ್ ನೇಮ್ ನಾಟ್ ಆನ್ ದ ಕಾರ್ಡ್?"

"ಪ್ರಿಂಟಿನವರ ತಪ್ಪು" ಎಂದೆ. ಹದಿನಾರು ವರ್ಷದ ಮಗಳು ಕಿಟಕಿಯಾಚೆ ನೋಡತೊಡಗಿದಳು.

ಡಿಸೆಂಬರಿನಲ್ಲಿ ಪುಸ್ತಕ ಅಚ್ಚಿಗೆ ಹೋಗುತ್ತದೆ. ನೀನು ಕೈಹಾಕಿದ ಕೆಲಸವೆಲ್ಲ ಹೀಗೇ ಜನರನ್ನು ತಲುಪಲಿ. ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ.

ನಿನ್ನ,
ಅರ್ಪಿತಾ

ತಾ.ಕ.: ನಿಧಿಗೆ ಹೇಳಿದ್ದು ಸುಳ್ಳು. ಆಮಂತ್ರಣದ ಕರಡಿನಲ್ಲಿ ಇಬ್ಬರ ಹೆಸರೂ ಇತ್ತು. ಸಂಘದ ಕಾರ್ಯದರ್ಶಿ ಶಿವಪ್ರಸಾದ್ ಫೋನ್ ಮಾಡಿ, "ಮೇಡಂ, ಜಯಂತಿಯವರು ಈಗ ಇಲ್ಲಿಲ್ಲ, ಮೆಂಬರ್‌ಶಿಪ್ಪೂ ರಿನ್ಯೂ ಮಾಡಿಲ್ಲ. ನಿಮ್ದೊಂದೇ ಹಾಕ್ಲಾ?" ಎಂದರು. "ನಿಮಗೆ ಹೇಗೆ ಸರಿಯೋ ಹಾಗೆ" ಎಂದೆ. ಓದು ಮುಗಿದ ಮೇಲೆ ಯಾರೋ, "ಜರ್ಮನ್ ಎಲ್ಲಿ ಕಲಿತ್ರಿ?" ಎಂದು ಕೇಳಿದರು. "ಟ್ರೇನಿನಲ್ಲಿ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಡೆಯಲಿಲ್ಲ.

ಬರುವ ಶನಿವಾರ ಸಂಘದ ವಾರ್ಷಿಕ ಸಭೆ. ಅಲ್ಲಿ ಎದ್ದು ನಿಂತು, ನಿಧಿಯ ಎದುರಿಗೇ, ಇಷ್ಟನ್ನೂ ಹೇಳುತ್ತೇನೆ. ಈ ಕಾಗದವನ್ನು ಮೊದಲೇ ಕಳಿಸಿದರೆ, ನಿನಗೆ ತಿಳಿಸಿಯಾಯಿತಲ್ಲ ಎಂದು ಅಲ್ಲಿ ಸುಮ್ಮನೆ ಕೂತುಬಿಡುತ್ತೇನೆ. ನನ್ನನ್ನು ನಾನು ಬಲ್ಲೆ. ಆದ್ದರಿಂದ ಇದನ್ನು ಪೋಸ್ಟ್ ಮಾಡುವುದು ಸಭೆ ಮುಗಿದ ಮೇಲೆ, ಸೋಮವಾರ, ನವೆಂಬರ್ 10ರಂದು.